ಅಲ್ಲಿ ಉಸಿರು ಬೇಡ

ಪುಟಕ್ಕೆ ಆರು ಸೋಲ್ದಿಯಂತೆ
ಬೇರೆಯವರ ಸಂಗೀತ ನಕಲು ಮಾಡಿ ಬದುಕಿದವಳು ನಾನು.
ತ್ರಿಯೆಸ್ತೆಯ ಬಂದರಿನ ಹಿಂದೆ
ಕಾಫಿ ಗೋದಾಮಿನ ಮೇಲೊಂದು ಕೋಣೆ;
ನಾನು ಬರೆದ ಆಪೆರಾಗಳಿಗೆಲ್ಲ
ಹುರಿಯದ ಬೀಜದ ಹಸಿ ವಾಸನೆ.
ಸ್ವರ ನನಗೆ ಕೇಳುವುದಿಲ್ಲ, ಕಾಣುತ್ತದೆ:
ತುಂಬಿದ ಬೊಟ್ಟು, ಟೊಳ್ಳು ಬೊಟ್ಟು, ಬಾಲದ ಬೊಟ್ಟು.
ಇಟ್ಟವರ ಎದೆಯಲ್ಲಿ ಏನಿತ್ತೆಂದು ಕೇಳಿದರೆ
ಕೂಲಿ ಹೆಚ್ಚುವುದಿಲ್ಲ.

ಮಾಯೆಸ್ತ್ರೊ ಸಿಲ್ವೇರಿಯೊ ಬರ್ದೂಚಿ ಯಾರಿಗೆ ಗೊತ್ತಿಲ್ಲ?
ಚುಟ್ಟಾ ಡಬ್ಬಿಯ ಮೇಲೂ ಅವನ ಗಡ್ಡ.
ಭಾನುವಾರ ಹೆಂಡತಿ, ಮೂರು ಹೆಣ್ಣುಮಕ್ಕಳು, ಒಂದು ನಾಯಿಯೊಂದಿಗೆ
ಕಡಲಕಟ್ಟೆಯ ಮೇಲೆ ನಡೆಯುತ್ತಿದ್ದ.
ನಾಯಿ ಕೂಡ ತಾಳ ತಪ್ಪುತ್ತಿರಲಿಲ್ಲ.

ಮಿಲ್ಕಾ ಕೊಶುತಾ ಬೆಟ್ಟದ ಮೇಲಿನ ಸ್ಲೊವೇನ್ ಹಳ್ಳಿಯವಳು,
ಹಾಲು ಹೊತ್ತು ಇಳಿದುಬರುತ್ತಿದ್ದವಳ ಮಗಳು.
ಹಾಲು ಹಾಲೆಂದು ಕೂಗಿ ಕೂಗಿಯೇ ಬಂದ ಕಂಠ
ಎನ್ನುತ್ತಿದ್ದರು ಅಗ್ಗದ ಟಿಕೆಟ್ಟಿನವರು.

ಗೀಟಿನಿಂದ ಗೀಟಿಗೆ ಒಂದು ಮನೆ ಎನ್ನುತ್ತೇವೆ ನಾವು ನಕಲಿನವರು.
ಮೂರನೆಯ ಅಂಕದಲ್ಲಿ ಹನ್ನೊಂದು ಮನೆಗಳ ಮೇಲೆ
ಒಂದೇ ಕಮಾನು ಎಳೆದಿದ್ದ.
ಎಲ್ಲೂ ತಂಗುದಾಣವಿಲ್ಲ. ಯಾರ ದಮ್ಮು ತಾಳೀತು?
ದೊಡ್ಡವರೂ ಮರೆಯುತ್ತಾರೆ, ಪಾಪ, ಎಂದು
ಏಳನೆಯ ಮನೆಯ ತುದಿಗೆ ನಾನೇ ಇಟ್ಟೆ
ಉಸಿರಿನ ಗುರುತು,
ಅಕ್ಕಿಕಾಳಿನಷ್ಟು ಒಂದು ಅಲ್ಪವಿರಾಮ.

ಮಾರನೆಯ ದಿನ ಬಂದ. ಹ್ಯಾಟು ತೆಗೆಯಲಿಲ್ಲ.
ಜೇಬಿನ ಚಾಕು ಬಿಚ್ಚಿ ಕೆರೆಯತೊಡಗಿದ,
ಮಗುವಿನ ಕಣ್ಣಿಂದ ಪಿಸುರು ತೆಗೆಯುವಷ್ಟು ಮೆಲ್ಲಗೆ.
"ಅಲ್ಲಿ ಉಸಿರು ಬೇಡ. ಅವಳಿಗೆ ಸಾಕಾಗುತ್ತದೆ."
ಅಂದಮೇಲೆ ತನ್ನ ಮಾತು ತಾನೇ ಕೇಳಿಸಿಕೊಂಡ.
ಕಿವಿಯ ತುದಿ ಕೆಂಪಾಯಿತು.
ನಾನು ಮಸಿಕುಡಿಕೆಗೆ ಮುಚ್ಚಳ ಹುಡುಕಿದೆ.

ಅವಳ ಉಸಿರು ಎಷ್ಟು ಉದ್ದವೆಂದು
ರಂಗದ ಕೆಳಗೆ ಕೋಲಾಡಿಸುವವನಿಗೆ ತಿಳಿಯುವುದಿಲ್ಲ;
ಪಕ್ಕದಲ್ಲಿ ನಿದ್ದೆಹೋದವಳನ್ನು
ಕತ್ತಲಲ್ಲಿ ಎಣಿಸಿದವನಿಗೆ ತಿಳಿಯುತ್ತದೆ.
ಗಂಡ ಬದುಕಿದ್ದಾಗ ನಾನೂ ಎಣಿಸಿದ್ದೆ,
ಬೇರೆ ಕಾರಣಕ್ಕೆ.

ಅವರಿಬ್ಬರನ್ನು ಒಟ್ಟಿಗೆ ಕಂಡದ್ದು ಒಂದೇ ಸಲ.
ಫೆಬ್ರವರಿ. ಬೋರಾ ಗಾಳಿ ಎದ್ದಿತ್ತು;
ಜನ ಹಾರಿಹೋಗದಿರಲೆಂದು ಬೀದಿಮೂಲೆಗೆ
ನಗರಸಭೆಯವರು ಹಗ್ಗ ಕಟ್ಟಿದ್ದರು.
ಮೀನಿನವಳು, ಒಬ್ಬ ಪಾದ್ರಿ, ಪೊಲೀಸಿನವನು, ಮಾಯೆಸ್ತ್ರೊ,
ನಡುವೆ ಒಬ್ಬ ದಪ್ಪ ನೋಟರಿ, ಆಮೇಲೆ ಅವಳು.
ಊರ ಕಣ್ಣೆದುರೇ ಒಂದು ಹಗ್ಗ ಹಿಡಿದು ನಡೆದರು.
ಅವಳು ಜಗ್ಗಿದಾಗ ಅವನ ಕೈ ಅಲುಗಿತು.
ನೋಟರಿ ತನ್ನ ಟೊಪ್ಪಿಯ ಚಿಂತೆಯಲ್ಲಿದ್ದ.

ಅವನು ಸತ್ತಾಗ ಬೀದಿದೀಪಗಳಿಗೆ ಕಪ್ಪು ಬಟ್ಟೆ ಸುತ್ತಿದರು.
ಹೆಂಡತಿ ನನ್ನ ಬಾಕಿಯನ್ನು ಒಂದು ಕಾಸೂ ಬಿಡದೆ ತೀರಿಸಿ
"ನಿಮ್ಮಲ್ಲಿ ಅವರದು ಇನ್ನೇನಾದರೂ ಉಳಿದಿದೆಯೆ?"
ಎನ್ನುವಾಗ ಕಿಟಕಿಯ ಕಡೆ ನೋಡುತ್ತಿದ್ದಳು.
ಇಲ್ಲ ಅಂದೆ.
ಅವಳಿಗೂ ಎಣಿಸಲು ಬರುತ್ತಿತ್ತು ಎಂದು
ಆಗ ಹೊಳೆಯಿತು.

ಒಂಬತ್ತು ವರ್ಷದ ಮೇಲೆ ಮಿಲ್ಕಾ ನನ್ನ ಮೆಟ್ಟಿಲು ಹತ್ತಿದಳು,
ಮೂರು ಕಡೆ ನಿಂತು.
ಗೋರಿತ್ಸಿಯಾದಲ್ಲಿ ಒಂದು ಸಣ್ಣ ಕಛೇರಿ,
ಆ ಹಾಡೇ ಬೇಕಂತೆ ಅಲ್ಲಿಯವರಿಗೆ.
ಹಳೆಯ ಹಾಳೆ ಬಿಡಿಸಿ, ಏಳನೆಯ ಮನೆಗೆ ಬೆರಳಿಟ್ಟು
"ಇಲ್ಲೊಂದು ಹಾಕಿ" ಅಂದಳು,
ಕೈಸಾಲ ಕೇಳುವವರ ದನಿಯಲ್ಲಿ.

ಹಾಕಿದೆ.
ಕೆರೆದ ಜಾಗ ತೆಳ್ಳಗಾಗಿತ್ತು. ಮಸಿ ನಿಲ್ಲಲಿಲ್ಲ, ಹರಡಿತು;
ಅಕ್ಕಿಕಾಳಿನಷ್ಟಿರಬೇಕಾದದ್ದು
ಕಾಫಿಬೀಜದಷ್ಟಾಯಿತು.
ಬೇರೆ ಹಾಳೆಯಲ್ಲಿ ಬರೆದುಕೊಡಲೆ, ದುಡ್ಡು ಬೇಡ, ಅಂದೆ.
ಇದೇ ಇರಲಿ ಅಂದಳು.
ಬಗ್ಗಿ ಊದಿದಳು, ಒಣಗಲೆಂದು,
ನಡುವೆ ಎರಡು ಸಲ ನಿಲ್ಲಿಸಿ.