ಕುರ್ಚಿ ಬದಲಿಸಿ

ಗ್ರಿಮ್ಸ್‌ಬಿಯ ಬಂದರಿನ ಹಿಂದೊಂದು ಹೋಟೆಲು,
ಮೊದಲ ಮಹಡಿ, ಹ್ಯಾಡಕ್ ಎಂಬ ಮೀನಿನ ಹೆಸರಿನ ಕೋಣೆ.
ಪಕ್ಕದ ಕೋಣೆಯಲ್ಲಿ ತೂಕ ಇಳಿಸುವವರ ಸಭೆ.
ನಾವು ಹದಿನಾಲ್ಕು ಮಂದಿ, ಎಲ್ಲ ಮಾನವ ಸಂಪನ್ಮೂಲದವರು,
ಕೊರಳಿಗೆ ಹೆಸರು ತೂಗುಹಾಕಿಕೊಂಡು
ಬಿಸ್ಕತ್ತಿನ ತಟ್ಟೆಯ ಸುತ್ತ ನಿಂತಿದ್ದೇವೆ
ನಮ್ಮನ್ನೇ ಯಾರೋ ಸಂದರ್ಶನಕ್ಕೆ ಕರೆದ ಹಾಗೆ.

ಇಂದಿನ ಪಾಠ: ಕಷ್ಟದ ಮಾತು.
ಆರು ಗಂಟೆ, ಆರು ಅಂಕ.
ವರ್ಷಕ್ಕೆ ಮೂವತ್ತು ಕೂಡದಿದ್ದರೆ
ಹೆಸರಿನ ಮುಂದಿನ ನಾಲ್ಕಕ್ಷರ ಉದುರುತ್ತವೆ.

ಕಲಿಸುವವಳು ಲಿನೆಟ್ ಪಾಸ್ಕೋ,
ಸದ್ದಿಲ್ಲದ ಬೂಟು, ಕೈಯಲ್ಲಿ ಸ್ಟಾಪ್‌ವಾಚು.
"ಮೊದಲ ವಾಕ್ಯದಲ್ಲೇ ಸುದ್ದಿ ಇರಲಿ.
ಹವಾಮಾನದಿಂದ ಶುರುಮಾಡಬೇಡಿ.
ದುರದೃಷ್ಟವಶಾತ್, ಒಂದೇ ಸಲ.
ಆಮೇಲೆ ಏಳು ಸೆಕೆಂಡು ಸುಮ್ಮನಿರಿ.
ಆ ಏಳು ಅವರದು."

ಬರೆದುಕೊಂಡೆ. ಏಳರ ಕೆಳಗೆ ಎರಡು ಗೆರೆ.
ನನ್ನ ಭಾಷೆಯಲ್ಲಿ ಏಳು ಅಂದರೆ
ಎದ್ದು ನಡಿ ಅಂತಲೂ ಹೌದು.
ಲಿನೆಟ್‌ಗೆ ಹೇಳಲಿಲ್ಲ.

ಈ ಕೆಲಸದಲ್ಲಿ ನನಗೆ ಹತ್ತೊಂಬತ್ತು ವರ್ಷ.
ಮೀನಿನ ಕಾರ್ಖಾನೆ, ಮೂರು ಪಾಳಿ, ಆರುನೂರು ಜನ.
ಹಾವೂ ಸಾಯಬೇಕು, ಕೋಲೂ ಮುರಿಯಬಾರದು,
ಅದಕ್ಕೇ ನನಗೆ ಸಂಬಳ.
ಕೋಲಿಗೆ ಮೂರು ಪ್ರತಿ, ಹಾವಿಗೆ ಒಂದು.
ಹಾವಿನ ಸಹಿ ಕೆಳಗಡೆ, ಎಡಕ್ಕೆ.

ಊಟವಾದ ಮೇಲೆ ಜೋಡಿ ಆಟ.
ಎದುರಿಗೆ ಕೀರನ್, ನಗರಸಭೆಯ ಹುಡುಗ,
ಅವನು ನಾನಾಗಬೇಕು. ನಾನು ಚೀಟಿಯ ಮನುಷ್ಯ:
ಕತ್ತರಿಸುವ ವಿಭಾಗ. ಸೇವೆ ಇಪ್ಪತ್ತೆರಡು ವರ್ಷ.
ಪ್ರತಿಕ್ರಿಯೆ: ಸಿಟ್ಟು, ಮಧ್ಯಮ ಪ್ರಮಾಣ.

ಕುರ್ಚಿ ಬದಲಿಸಿದೆವು. ಅಷ್ಟೇ.
ಕಿಟಕಿ ಅವನ ಬೆನ್ನಿಗೆ ಹೋಯಿತು,
ಅವನ ಮುಖ ಕತ್ತಲು, ಬೆಳಕೆಲ್ಲ ನನ್ನ ಮೇಲೆ.
ಆಫೀಸಿನಲ್ಲೂ ಕಿಟಕಿ ಇರುವುದು ನನ್ನ ಬೆನ್ನಿಗೇ.
ಹತ್ತೊಂಬತ್ತು ವರ್ಷ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಕೀರನ್ ಚೆನ್ನಾಗಿ ಹೇಳಿದ, ಮೊದಲ ವಾಕ್ಯದಲ್ಲೇ.
ದುರದೃಷ್ಟವಶಾತ್, ಒಂದೇ ಸಲ.
ಗಡಿಯಾರ ಒತ್ತಿದ ಸದ್ದು.

ಒಂದು.
ಟಿಶ್ಯೂ ಡಬ್ಬಿ ನನ್ನ ಕಡೆ ತಿರುಗಿದೆ,
ಹಾಗೆ ತಿರುಗಿಸಿಡುವವಳು ನಾನು.
ಎರಡು. ಮೂರು.
ಮಧ್ಯಮ ಪ್ರಮಾಣದ ಸಿಟ್ಟು ಹುಡುಕಿದೆ, ಸಿಗಲಿಲ್ಲ.
ನಾಲ್ಕಕ್ಕೆ ಬಾಯಿಂದ ಬಂತು:
"ಚೂರಿ ಒಯ್ಯಬಹುದೇ? ನಮ್ಮಪ್ಪನದು."

ಚೀಟಿಯಲ್ಲಿರಲಿಲ್ಲ ಅದು.
ರೆಗ್ ಬ್ಲಾಂಚರ್ಡ್ ಕೇಳಿದ್ದು, ಹೋದ ಫೆಬ್ರವರಿಯಲ್ಲಿ.
ದುಡ್ಡಿನ ಮಾತಿಲ್ಲ, ನೋಟೀಸಿನ ಮಾತಿಲ್ಲ.
ನಲವತ್ತು ವರ್ಷ ಸಾಣೆ ಕಂಡು ಕಂಡು
ಕಿರುಬೆರಳಷ್ಟಾಗಿದ್ದ ಅಲಗು,
ಹಿಡಿಗೆ ಸುತ್ತಿದ ನೀಲಿ ದಾರ.
"ನಿಯಮ ನೋಡಿ ತಿಳಿಸುತ್ತೇನೆ," ಅಂದಿದ್ದೆ.
ನೋಡಿದೆ. ಆವರಣದೊಳಗಿನ ಹರಿತ ವಸ್ತುಗಳೆಲ್ಲ
ಕಂಪನಿಯ ಸ್ವತ್ತು.
ತಿಳಿಸಿದೆ, ಇಮೇಲಿನಲ್ಲಿ.

ಕೀರನ್ ಕೆಂಪಾದ. ಹಾಳೆ ತಿರುವಿದ, ಮತ್ತೆ ತಿರುವಿದ.
"ಗೊತ್ತಿಲ್ಲ ನನಗೆ. ಒಯ್ಯಿರಿ, ಅಪ್ಪನದಲ್ಲವೇ."
ಲಿನೆಟ್ ತಲೆಯಾಡಿಸಿದಳು:
"ಮಾತು ಕೊಡಬೇಡ, ಕೀರನ್.
ನಿನ್ನ ಕೈಯಲ್ಲಿಲ್ಲದ್ದನ್ನು ಕೊಡಬೇಡ."
ಅವಳು ಹೇಳಿದ್ದು ಸರಿ. ಅದೇ ತೊಂದರೆ.

ನಾಲ್ಕೂವರೆಗೆ ನಮೂನೆ ಬಂತು.
ಇಂದು ಕಲಿತದ್ದು, ಇನ್ನೂರು ಅಕ್ಷರ ಮೀರದಂತೆ.
ಮೌನದ ಪರಿಣಾಮಕಾರಿ ಬಳಕೆ, ಎಂದು ಬರೆದೆ.
ಆರಕ್ಕೆ ಆರು ಬಂತು.

ಸೋಮವಾರ ಬೇಗ ಹೋಗಿ ಮೇಜು ತಿರುಗಿಸಿದೆ.
ಕಂಪ್ಯೂಟರಿನ ತಂತಿ ಎಟುಕಲಿಲ್ಲ,
ಮತ್ತೆ ಇದ್ದಲ್ಲಿಗೇ ತಳ್ಳಿದೆ.
ಎದುರು ಕುರ್ಚಿಯನ್ನು ಮಾತ್ರ ಬೆಳಕಿನಿಂದಾಚೆಗೆ
ಒಂದು ಮೊಳ ಎಳೆದೆ.

ಆಮೇಲೆ ಉಗ್ರಾಣಕ್ಕೆ, ಹರಿತ ವಸ್ತುಗಳ ಪಟ್ಟಿ ಹಿಡಿದು.
ನೀಲಿ ದಾರದ್ದು ಪಟ್ಟಿಯಲ್ಲಿತ್ತು,
ಪೆಟ್ಟಿಗೆಯಲ್ಲಿರಲಿಲ್ಲ.
ಪಾಳಿಯ ಮೇಸ್ತ್ರಿ ಮಾರ್ಲೀನ್
ರಬ್ಬರ್ ಏಪ್ರನ್ನಿಗೆ ಕೈ ಒರೆಸುತ್ತ
ನನ್ನ ಕಣ್ಣಲ್ಲಿ ಕಣ್ಣಿಟ್ಟು ನಿಂತಳು.
ಯಾವ ಕೋಣೆಯಲ್ಲಿ ಯಾರು ಕಲಿಸಿದ್ದೋ ಅವಳಿಗೆ,
ಒಂದು ಮಾತೂ ಆಡಲಿಲ್ಲ.

ಏಳರವರೆಗೆ ಎಣಿಸಿದೆ.
ಪೆನ್ನಿನ ಮುಚ್ಚಳ ತೆಗೆದು
ಆ ಸಾಲಿನ ಎದುರು ಬರೆದೆ:
ಇದೆ.