ತುಂಬಿದೆ

ಮುಳಶಿ ಕೆರೆಯ ಆಚೆ ದಡದಲ್ಲಿ ನಲವತ್ತೊಂದು ಮನೆ.
ಪಡುವಣಕ್ಕೆ ಘಟ್ಟ, ಮೂಡಣಕ್ಕೂ ಗುಡ್ಡ,
ನಡುವೆ ಸಿಕ್ಕಿಬಿದ್ದ ಮೋಡಕ್ಕೆ
ಹೊರಗೆ ಹೋಗುವ ದಾರಿ ಗೊತ್ತಿಲ್ಲ.

ಜೂನಿನಿಂದ ನಾಲ್ಕು ತಿಂಗಳು
ಬೆಂಕಿಪೊಟ್ಟಣ ಅಕ್ಕಿಡಬ್ಬಿಯೊಳಗೆ ಮಲಗುತ್ತದೆ.
ಅಂಗಿಗಳು ಒಲೆಯ ಮೇಲೆ ಒಣಗಿ
ಹೊಗೆ ನಾರುತ್ತ ಶಾಲೆಗೆ ಹೋಗುತ್ತವೆ.

ಬೆಳಿಗ್ಗೆ ಎಂಟೂವರೆಗೆ ಶೇವಂತಾ ಢೆಬೆ
ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದು
ಮಾಪಕದ ನೀರನ್ನು ಗಾಜಿಗೆ ಸುರಿದು
ಹಾಲು ಅಳೆಯುವವಳಂತೆ ಕಣ್ಣು ಕಿರಿದು ಮಾಡುತ್ತಾಳೆ.
ನೂರಾ ಎಂಬತ್ತು. ಇನ್ನೂರಾ ಹನ್ನೆರಡು.

ಪುಣೆಯಿಂದ ಫೋನು ಹಚ್ಚಿ ಅಂಕಿ ಬರೆದುಕೊಳ್ಳುವವನು ನಾನು,
ಇಂಡಿಯ ಬಯಲಿನವನು. ಮೊದಲ ದಿನ ಕೇಳಿದ್ದೆ:
'ಬಾಯಿ, ಇದು ತಿಂಗಳ ಲೆಕ್ಕ ಏನ್ರಿ?'
ನಗು ಫೋನಿನಲ್ಲಿ ಹರಿದು ಹರಿದು ಬಂತು.

ನಿನ್ನೆ ಅಂಕಿಯೇ ಇಲ್ಲ.
'ಪಾತ್ರೆ ತುಂಬಿ ಚೆಲ್ಲಿತು ಸಾಹೇಬ,
ಹೆಚ್ಚಿನದು ಎಷ್ಟೆಂದು
ಕೆರೆಯನ್ನೇ ಕೇಳಿ.'

ಕೆರೆ ಏನು ಹೇಳೀತು?
ಮೇ ತಿಂಗಳಲ್ಲಿ ಅದು ಹಿಂದೆ ಸರಿದಾಗ
ಅವಳ ಮುತ್ತಜ್ಜಿಯ ಒರಳು
ಕೆಸರಿನಿಂದ ತಲೆ ಎತ್ತುತ್ತದಂತೆ.
ಅವಳು ಹೋಗಿ ಅದರ ಕುಳಿ ಬಳಿದು ಬರುತ್ತಾಳಂತೆ,
ಯಾಕೆ ಎಂದು ನಾನು ಕೇಳಿಲ್ಲ.
ಈಗ ಅದರ ಮೇಲೆ ಅರವತ್ತು ಅಡಿ ನೀರು.

ವಹಿಯ ಚೌಕ ಖಾಲಿ ಬಿಡುವಂತಿಲ್ಲ.
'ತುಂಬಿದೆ' ಎಂದು ಬರೆದೆ.
ಮೇಲಿನವರು ಎಷ್ಟು ಎನ್ನುತ್ತಾರೆ. ಅನ್ನಲಿ.