ಸಂದಿದೆ

ಹಾನಿ ಕಾಗದವನ್ನು ನನ್ನ ಕಡೆಗೆ ತಿರುಗಿಸಿಟ್ಟ.
ಪಕ್ಕದಲ್ಲಿ ಕಂಪನಿಯದೇ ಪೆನ್ನು, ಮುಚ್ಚಳ ತೆಗೆದದ್ದು.
ಒಂದು ತಟ್ಟೆ ಖರ್ಜೂರ.
"ನಾಲ್ಕು ಗಂಟೆಯೊಳಗೆ, ಬೆನೆಡಿಕ್ಟ್. ನಿನಗೆ ಗೊತ್ತಿರುವುದೇ."

ಗೊತ್ತು.
ಅಕ್ಷರದ ಗಾತ್ರ ಒಂಬತ್ತಕ್ಕೆ ಇಳಿಸಿದವನು ನಾನು,
ಎಲ್ಲ ಒಂದೇ ಪುಟದಲ್ಲಿ ಹಿಡಿಯಲಿ ಎಂದು.
ಆರನೆಯ ಕಲಮಿನಲ್ಲಿ ಒಂದು ಅಲ್ಪವಿರಾಮ ತಪ್ಪಿದೆ,
ಹದಿನಾಲ್ಕು ವರ್ಷದಿಂದ ತಪ್ಪೇ ಇದೆ.
ಮುನ್ನೂರು ಚಿಲ್ಲರೆ ಜನ ಅದರ ಕೆಳಗೆ ಸಹಿ ಹಾಕಿ
ಮುಸಫ್ಫಾದ ಈ ಗೇಟು ದಾಟಿದರು.
ಹೆಬ್ಬೆಟ್ಟಿನವರಿಗೆ ಇಂಕು ಪ್ಯಾಡು ಹಿಡಿದವನು ನಾನೇ,
ಒರೆಸಿಕೊಳ್ಳಲು ಟಿಶ್ಯೂ ಕೊಟ್ಟವನೂ.

"ನನಗೆ ಸಲ್ಲಬೇಕಾದ ಹಣವೆಲ್ಲ ಸಂದಿದೆ,
ಯಾವ ಬಾಕಿಯೂ ಇಲ್ಲ, ಮುಂದೆಂದೂ ಕೇಳುವುದಿಲ್ಲ."
ಹಣ ಬರುವುದು ಮುಂದಿನ ತಿಂಗಳು. ಬಂದರೆ.
ಹಣ ಭವಿಷ್ಯತ್ತಿನಲ್ಲಿ, ಸಹಿ ಭೂತದಲ್ಲಿ.
ಶಿರ್ವದ ಶಾಲೆಯಲ್ಲಿ ವ್ಯಾಕರಣದ ಮೇಷ್ಟ್ರು
ಕಿವಿ ಹಿಂಡಿ ಕಲಿಸಿದ್ದು ಇದನ್ನೇ;
ಪರೀಕ್ಷೆಗೆ ಮಾತ್ರ ಅಂದುಕೊಂಡಿದ್ದೆ.

ಹೊರಗೆ ಬೆಂಚಿನ ಮೇಲೆ ಮೌಲಾಸಾಬ,
ಕುಷ್ಟಗಿಯವನು, ಗ್ಯಾಸ್ ಕಟ್ಟರು ಹಿಡಿಯುವವನು.
ನನ್ನ ನಂತರದ ಹೆಸರು ಅವನದು.
ಬಾತ್‌ರೂಮಿಗೆ ಎಂದು ಎದ್ದು ಹೋಗಿ ಹೇಳಿದೆ:

ಇವತ್ತು ಹಾಕಬೇಡ ಮೌಲಾ.
ಓದಬೇಕು ಅನ್ನು, ಓದಿಸಿಕೊಳ್ಳಬೇಕು ಅನ್ನು,
ತಲೆನೋವು ಅನ್ನು ಬೇಕಾದರೆ.
ಬಲಗಡೆ ಅರಬ್ಬಿ, ಎಡಗಡೆ ಇಂಗ್ಲಿಷು,
ಜಗಳ ಬಂದರೆ ಗೆಲ್ಲುವುದು ಬಲಗಡೆಯದು.
ಟೈಪಿಂಗ್ ಸೆಂಟರಿನ ಮಲಬಾರಿ ಕಾಕನಿಗೆ ತೋರಿಸು,
ಹತ್ತು ದಿರ್ಹಾಮು ಕೇಳುತ್ತಾನೆ, ಕೊಡು.
ಖಾಲಿ ಜಾಗ ಕಂಡಲ್ಲಿ ಗೆರೆ ಎಳೆ.
ತಾರೀಖು ನಿನ್ನ ಕೈಯಲ್ಲೇ ಬರಿ.
ಮೊದಲ ಐದು ವರ್ಷಕ್ಕೆ, ವರ್ಷವೊಂದಕ್ಕೆ ಇಪ್ಪತ್ತೊಂದು ದಿನದ ಸಂಬಳ,
ಆಮೇಲಿನವಕ್ಕೆ ಮೂವತ್ತು. ಬೆರಳು ಮಡಚಿ ಎಣಿಸು.
ನೋಟೀಸಿನ ತಿಂಗಳು ಬೇರೆ, ಉಳಿದ ರಜೆ ಬೇರೆ.
ಅವರು ಎಲ್ಲವನ್ನೂ ಒಂದೇ ಗಂಟು ಕಟ್ಟಿ
ನೋಡು ಎಷ್ಟು ದೊಡ್ಡದು ಎನ್ನುತ್ತಾರೆ.
ಬಿಚ್ಚಿ ತೋರಿಸಿ ಅನ್ನು.

ಅವನು ಕೇಳಿದ್ದು ಒಂದೇ:
"ದಿನದ ಪಗಾರ ಅಂದ್ರ ಯಾವುದ್ರೀ ಸರ,
ಕೈಯಾಗ ಬರೋದೇನು, ಕಾಗದದಾಗ ಇರೋದೇನು?"

ಕಾಗದದ್ದು, ಎಂದೆ. ಮೂಲ ವೇತನ.
ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.
ಏಳು ವರ್ಷದ ಹಿಂದೆ, ಕ್ಯಾಂಟೀನಿನಲ್ಲಿ, ಕುರ್ಚಿ ಹತ್ತಿ ನಿಂತು
"ಮೂಲ ಕಡಿಮೆ, ಭತ್ಯೆ ಜಾಸ್ತಿ, ಕೈಗೆ ಅಷ್ಟೇ ಬರುತ್ತದಲ್ಲ ಮಾರಾಯ್ರೆ" ಎಂದು
ಹಿಂದಿಯಲ್ಲಿ, ಕನ್ನಡದಲ್ಲಿ, ತುಳುವಿನಲ್ಲಿ ನಗಿಸಿ ನಗಿಸಿ
ಸಹಿ ಮಾಡಿಸಿದ್ದು ಯಾರು ಎಂದು ಅವನು ಕೇಳಲಿಲ್ಲ.
ನೆನಪಿರಬೇಕು.
ನನ್ನ ಸಂಬಳವೂ ಅದೇ ಚೂರಿಯಲ್ಲಿ ಹೋಳಾಯಿತು;
ಅವತ್ತು ಹಿಡಿ ನನ್ನ ಕೈಯಲ್ಲಿತ್ತು, ಅಷ್ಟೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ.
ದೊಣ್ಣೆಯ ಸರ್ವೀಸು ಎಷ್ಟು ವರ್ಷ
ಎಂದು ಯಾರೂ ಲೆಕ್ಕ ಹಾಕಿದ್ದಿಲ್ಲ.

ಒಳಗೆ ಬಂದೆ. ಹಾನಿ ಗಡಿಯಾರ ನೋಡಿದ.
"ಒಂದು ಪ್ರತಿ ಬೇಕು, ಸಹಿಗೆ ಮುಂಚೆ," ಎಂದೆ.
ಹದಿನಾಲ್ಕು ವರ್ಷದಲ್ಲಿ
ಈ ಕೋಣೆಯೊಳಗೆ ಯಾರೂ ಆಡದ ಮಾತು.
ಜೆರಾಕ್ಸು ಕಾಗದ ಕಚ್ಚಿಕೊಂಡು ನಿಂತಿತು.
ಅವನು ಅದನ್ನು ನೋಡಿದ, ನನ್ನನ್ನು ನೋಡಿದ.

ಅಭ್ಯಾಸ.
ಮಂಡಿಯೂರಿದೆ, ಎರಡನೆಯ ಟ್ರೇ ಎಳೆದೆ,
ಹಸಿರು ಲಿವರು ಎತ್ತಿ
ಹರಿಯದ ಹಾಗೆ, ಮೆಲ್ಲಗೆ,
ನನ್ನ ಹೆಸರಿರುವ ತುದಿಯಿಂದ ಎಳೆಯತೊಡಗಿದೆ.